ಟೆಸ್ಟರ್ ಹೊನ್ನಯ್ಯ ಹಾಲಿಗೆ ನೀರು ಹಾಕಿದ್ದು

ಕೆರಗೋಡು ದಾಟಿ ಮೂರು ಕಿಲೋಮೀಟರು ಹೋದರೆ ಹುಣಸೆಕೊಪ್ಪಲು ಎಂಬ ಊರು ಸಿಗುತ್ತದೆ. ಸಿಗುತ್ತದೆ ಅನ್ನುವುದು ಮರ್ಯಾದೆಗೆ ಹೇಳುವ ಮಾತು; ಬಸ್ಸಿನ ಕಂಡಕ್ಟರು ಒಂದು ಸಲ ಸೀನಿದರೆ ಊರು ಹಿಂದೆ ಉಳಿದಿರುತ್ತದೆ. ಇಷ್ಟು ಪುಟ್ಟ ಊರಿನಲ್ಲಿ ಮೂವತ್ತೊಂದು ವರ್ಷ ಹೈಕೋರ್ಟು ನಡೆಯಿತು. ಬೆಳಗ್ಗೆ ಆರಕ್ಕೊಂದು ಕಲಾಪ, ಸಂಜೆ ಆರಕ್ಕೊಂದು ಕಲಾಪ. ಕೋರ್ಟಿನ ಕಟ್ಟಡ ಹಾಲಿನ ಡೈರಿ. ನ್ಯಾಯಾಧೀಶ ಹೊನ್ನಯ್ಯ.

ಹೊನ್ನಯ್ಯ ಡೈರಿಯಲ್ಲಿ ಟೆಸ್ಟರು. ಊರವರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುಡ್ಡಿಯನ್ನು ಇಳಿಬಿಟ್ಟು, ಅದು ಎಷ್ಟು ಡಿಗ್ರಿಗೆ ನಿಂತಿತೆಂದು ನೋಡಿ, ಇಪ್ಪತ್ತೆಂಟಕ್ಕಿಂತ ಕೆಳಗಿದ್ದರೆ ನೀರು ಹಾಕಿದವರನ್ನು ಹಿಡಿಯುವುದು ಅವನ ಕೆಲಸ. ಬೇರೆ ಊರುಗಳಲ್ಲಿ ಟೆಸ್ಟರುಗಳು ಇಂಥ ಸಂಗತಿಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳುತ್ತಾರಂತೆ. ಹೊನ್ನಯ್ಯ ಹೇಳಿದರೆ ಅಷ್ಟು ದೂರದ ಹನಕೆರೆ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದವರೂ ತಿರುಗಿ ನೋಡುತ್ತಿದ್ದರು.

“ಶಿವರಾಜು! ಇಪ್ಪತ್ತೊಂದು ಡಿಗ್ರಿ! ಅಸೂನೂ ಕರ್ಕಂಡ್ ಬಾರ್ಲಾ, ಅದುನ್ನೇ ಕೇಳಾವ, ಕರೆದಿದ್ದು ಯಾವ ಬೋರ್‌ವೆಲ್ಲು ಅಂತ!”

ಶಿವರಾಜು ಅವನ ಪಕ್ಕದ ಮನೆಯವನು. ಒಂದು ಮಳೆಗಾಲದ ಬೆಳಗ್ಗೆ ಕ್ಯಾನಿಗೆ ಮುಚ್ಚಳ ಹಾಕದೆ ಬಂದು, ಮಳೆ ನೀರು ಬಿತ್ತು ಎಂದು ನೆಪ ಹೇಳಿದನಂತೆ. ಹೊನ್ನಯ್ಯ ಹಾಲನ್ನು ಒಂದು ಸಲ ಅಲ್ಲಾಡಿಸಿ ನೋಡಿ, “ಮಳೇದು ನಲವತ್ತಮೂರು ಅನಿ. ಮಿಕ್ಕಿದ್ದಷ್ಟೂ ನಿಮ್ಮನೆ ನಲ್ಲೀದು” ಅಂದ. ಹನಿ ಎಣಿಸಿದವರು ಯಾರೂ ಇಲ್ಲವಾದ್ದರಿಂದ ಊರು ನಂಬಿತು. ಮಂಗಳಮ್ಮನನ್ನು ಮದುವೆಯಾಗಿ ಬಂದ ಮೊದಲ ರಾತ್ರಿ, ಅವಳು ಬೆಳ್ಳಿ ಲೋಟದಲ್ಲಿ ಹಾಲು ಹಿಡಿದು ಒಳಗೆ ಬಂದರೆ, ಗಂಡ ಎನಿಸಿಕೊಂಡವನು ಹೆಂಡತಿಯ ಮುಖ ನೋಡುವುದು ಬಿಟ್ಟು ಲೋಟವನ್ನು ಬಲ್ಬಿನ ಕೆಳಗೆ ಓರೆ ಮಾಡಿ, “ಇದ್ಯಾರ ಮನೇದು? ಇಪ್ಪತ್ನಾಕು ದಾಟಾಕಿಲ್ಲ” ಅಂದ. ಹಾಲು ಅವಳ ತವರಿನದು. ಆವತ್ತು ಗೋಡೆ ಕಡೆ ತಿರುಗಿ ಮಲಗಿದ ಮಂಗಳಮ್ಮ ಈ ಕಡೆ ತಿರುಗಲು ಎಂಟು ತಿಂಗಳು ಹಿಡಿಯಿತು.

ಅವನ ಮನೆಯಲ್ಲಿ ಹಸು ಇರಲಿಲ್ಲ. ಎರಡು ಎಕರೆ ಗದ್ದೆ, ಹಿತ್ತಲಲ್ಲಿ ಆಳೆತ್ತರದ ಹುಲ್ಲಿನ ಮೆದೆ, ಗಟ್ಟಿಮುಟ್ಟಾದ ಕೊಟ್ಟಿಗೆ, ಎಲ್ಲ ಇದ್ದವು. ಕೊಟ್ಟಿಗೆಯಲ್ಲಿ ಸೈಕಲ್ಲು ಕಟ್ಟಿದ್ದ. “ನಮ್ಮ ಆಲ್ನ ನಾವೇ ಟೆಸ್ಟ್ ಮಾಡೋದೂ ಒಂದೇ, ನಮ್ಮ ಪರೀಕ್ಸೆ ಪೇಪರ್ನ ನಾವೇ ತಿದ್ಕಳೋದೂ ಒಂದೇ” ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತದ ಕಾಫಿಯನ್ನು ಮಂಗಳಮ್ಮ ಮೂವತ್ತು ವರ್ಷ ಕಡ ತಂದ ಹಾಲಿನಲ್ಲಿ ಕಾಸಿಕೊಟ್ಟಳು.

ಆ ಕೋರ್ಟಿನ ದೊಡ್ಡ ಕೇಸು ಪಟ್ಟಲಮ್ಮನದು. ಊರಿಗೆ ಊರೇ ಸೀಮೆಹಸುವಿಗೆ ಬಿದ್ದರೂ ಎಮ್ಮೆ ಬಿಡದ ಮುದುಕಿ ಅವಳು. ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಅವಳ ಎಮ್ಮೆ ಹಾಲಿನಲ್ಲಿ ಬುಡ್ಡಿ ಮುಳುಗಿತು. ಹೊನ್ನಯ್ಯ ನಲವತ್ತು ಜನರ ಮುಂದೆ ಡಿಗ್ರಿ ಕೂಗಿ, ಕ್ಯಾನನ್ನು ಚರಂಡಿಗೆ ಬಗ್ಗಿಸಿದ. “ನನ್ನೆಮ್ಮೆ ಮೇಲಾಣೆ, ನಾನಾಕಿಲ್ಲ” ಎಂದು ಪಟ್ಟಲಮ್ಮ ಮಣ್ಣು ಮುಟ್ಟಿ ಹೇಳಿದಳು. ಆವತ್ತಿನಿಂದ ಡೈರಿಗೆ ಹಾಲು ಹಾಕುವುದು ನಿಲ್ಲಿಸಿ ಮಂಡ್ಯದ ಹೋಟೆಲೊಂದಕ್ಕೆ ಕಳಿಸುತ್ತಿದ್ದಳು. ದಾರಿಯಲ್ಲಿ ಹೊನ್ನಯ್ಯ ಎದುರಾದರೆ ಎಲೆಅಡಿಕೆ ಉಗುಳಿ ಆಚೆ ತಿರುಗಿಕೊಳ್ಳುತ್ತಿದ್ದಳು. ಬಾಯಲ್ಲಿ ಎಲೆಅಡಿಕೆ ಇಲ್ಲದಿದ್ದರೆ ಹಾಕಿಕೊಂಡು ಉಗುಳುತ್ತಿದ್ದಳು.

ಹೊನ್ನಯ್ಯ ರಿಟೈರಾಗಿ ನಾಲ್ಕು ವರ್ಷವಾಯಿತು. ಈಗ ಡೈರಿಯಲ್ಲಿ ಮೆಷಿನ್ನು ಬಂದಿದೆ. ಒಂದು ಚಮಚ ಹಾಲು ಹುಯ್ದರೆ ಅದೇ ನಂಬರು ತೋರಿಸುತ್ತದೆ, ಯಾರನ್ನೂ ಬಯ್ಯುವುದಿಲ್ಲ. ಬಯ್ಯದ ಮೆಷಿನ್ನಿನ ಮೇಲೆ ಹೊನ್ನಯ್ಯನಿಗೆ ನಂಬಿಕೆ ಇಲ್ಲ. ಹಾಗಾಗಿ ದಿನಾ ಬೆಳಗ್ಗೆ, ಯಾರೂ ಕರೆಯದಿದ್ದರೂ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಕೊಡೆ ಹಿಡಿದು ಹೋಗಿ ಡೈರಿಯ ಮೆಟ್ಟಿಲ ಪಕ್ಕ ನಿಲ್ಲುತ್ತಾನೆ. ಅಲ್ಲಿ ಅವನಿಗೆ ಉಳಿದಿದ್ದ ಒಬ್ಬಳೇ ಅಪರಾಧಿ ಕೆಂಪಿ ಎಂಬ ಬೀದಿ ನಾಯಿ. ಮೆಟ್ಟಿಲ ಮೇಲೆ ಚೆಲ್ಲಿದ ಹಾಲನ್ನು ಟೆಸ್ಟು ಗಿಸ್ಟು ಏನೂ ಇಲ್ಲದೆ ನೆಕ್ಕಿಬಿಡುತ್ತಿದ್ದಳು.

ಕಬ್ಬು ಕಡಿಯುವ ಕಾಲ. ಆ ಬೆಳಗ್ಗೆ ಕೆಂಪಿ ಮೆಟ್ಟಿಲು ನೆಕ್ಕುತ್ತಿದ್ದಾಗ ಹೊನ್ನಯ್ಯ ಕೊಡೆಯನ್ನು ಫಟ್ಟನೆ ಬಿಚ್ಚಿ “ಅಚ!” ಅಂದ. ದಿನಾ ಹೀಗೇ ಅನ್ನುತ್ತಿದ್ದ. ಅವಳು ದಿನಾ ಎರಡು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಇವತ್ತು ಬೆದರಿ ರಸ್ತೆಗೇ ಓಡಿದಳು. ಕಬ್ಬು ತುಂಬಿದ ಟ್ರ್ಯಾಕ್ಟರು ಬರುತ್ತಿತ್ತು.

ಎಲ್ಲರೂ ಡ್ರೈವರನ್ನು ಬೈದರು. ಡ್ರೈವರು ಕಬ್ಬನ್ನು ಬೈದ. ಕೊಡೆಯನ್ನು ಯಾರೂ ನೋಡಿರಲಿಲ್ಲ. ಹೊನ್ನಯ್ಯ ಕೊಡೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ. ಕಾಫಿ ಬೇಡ ಅಂದ. ಮಂಗಳಮ್ಮ ಹಣೆ ಮುಟ್ಟಿ ನೋಡಿದಳು.

ಮಧ್ಯಾಹ್ನ ಹಿತ್ತಲ ಹುಲ್ಲಿನ ಮೆದೆಯೊಳಗಿಂದ ಕುಂಯ್ ಕುಂಯ್ ಎಂದು ಸದ್ದು ಬಂತು. ಹುಲ್ಲು ಸರಿಸಿದರೆ ನಾಲ್ಕು ಮರಿ. ಎರಡು ಕೆಂಪು, ಒಂದು ಮಚ್ಚೆಯದು, ಒಂದು ಇದ್ದಿಲಿನಷ್ಟು ಕಪ್ಪು. ಹುಟ್ಟಿ ನಾಲ್ಕು ದಿನವಾಗಿರಬೇಕು, ಕಣ್ಣು ಬಿಟ್ಟಿರಲಿಲ್ಲ. ಒಂದರ ಮೇಲೊಂದು ಹತ್ತಿ ಇಲ್ಲದ ಮೊಲೆಯನ್ನು ಹುಡುಕುತ್ತಿದ್ದವು.

“ಕೆಂಪೀವು” ಅಂದಳು ಮಂಗಳಮ್ಮ. “ಅಯ್ಯೋ, ನಮ್ಮ ಮೆದೇಲೇ ಈದವ್ಳೆ ನೋಡಿ. ಇನ್ನೆಲ್ಲಿ ಉಳಿದವು ಬುಡಿ.”

“ಸಾಕಾವ.”

ಮಂಗಳಮ್ಮ ಹಿಂದೆ ತಿರುಗಿ, ಬೇರೆ ಯಾರಾದರೂ ಮಾತಾಡಿದರೇ ಎಂದು ನೋಡಿದಳು. ಯಾರೂ ಇರಲಿಲ್ಲ. ನಾಯಿ ಕಂಡರೆ ಕೊಡೆ ಬಿಚ್ಚುವ ಗಂಡ ಮಂಡಿ ಊರಿ ಕೂತು ಮರಿಗಳನ್ನು ತನ್ನ ಇಸ್ತ್ರಿ ಶರಟಿನ ಮಡಿಲಿಗೆ ಒಂದೊಂದಾಗಿ ಎತ್ತಿ ಹಾಕಿಕೊಳ್ಳುತ್ತಿದ್ದ. “ನಾಕೂ ಉಳೀಬೇಕು ಅಮ್ಮಿ” ಅಂದ. “ಒಂದೂ ಓಗಬಾರ್ದು.”

ಬಿದಿರು ಮಂಕರಿಗೆ ಗೋಣಿಚೀಲ ಹಾಸಿ, ಮೇಲೆ ಹಳೇ ಸೀರೆ ಹಾಸಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರು. ಹಾಲಿಗೆ ಹೊನ್ನಯ್ಯ ಚೊಂಬು ಹಿಡಿದು ಪಕ್ಕದ ಮನೆಗೇ ಹೋಗಬೇಕಾಯಿತು.

“ಏನ್ ಮಾವ, ಚೊಂಬೊಂದೇ ತಂದಿದ್ದೀಯ?” ಅಂದ ಶಿವರಾಜು. “ಬುಡ್ಡಿ ಎಲ್ಲಿ? ಬುಡ್ಡಿ ಇಲ್ದೆ ನಾನು ಆಲು ಕೊಡಾಕಿಲ್ಲಪ್ಪ, ಆಮೇಲೆ ಅನುಮಾನ ಬತ್ತದೆ.”

“ಸುಮ್ಕೆ ಉಯ್ಯೋ.”

“ನಾಯಿಮರೀಗಂತೆ? ಅವೂ ಡಿಗ್ರಿ ಕೇಳ್ತವಾ?”

ಹೊನ್ನಯ್ಯ ಹಲ್ಲು ಕಚ್ಚಿ ಹಾಲು ತಂದ. ಮನೆಗೆ ಬಂದವನೇ ಕಪಾಟಿನಿಂದ ಬುಡ್ಡಿ ತೆಗೆದು ಇಳಿಬಿಟ್ಟ, ಚಟ ಎಲ್ಲಿ ಹೋಗುತ್ತದೆ! ಇಪ್ಪತ್ತೊಂಬತ್ತು ಡಿಗ್ರಿ. ಬಂಗಾರದಂಥ ಹಾಲು. ಶಿವರಾಜುವಿನ ಮೇಲೆ ಇಷ್ಟು ವರ್ಷ ಕಟ್ಟಿಕೊಂಡು ಬಂದ ಅಭಿಪ್ರಾಯವೊಂದು ಕುಸಿದುಬಿದ್ದ ದುಃಖದಲ್ಲಿ ಅವನು ಕೂತಿರುವಾಗ, ಮಂಗಳಮ್ಮ ಅಡುಗೆಮನೆಯಿಂದ ಒಂದು ಚೊಂಬು ಕಾದಾರಿದ ನೀರು ತಂದು ಮುಂದಿಟ್ಟಳು.

“ಇದ್ಯಾಕೆ?”

“ಆಲ್ಗೆ ಬೆರಸಾಕೆ. ಒಂದಕ್ಕೊಂದು.”

ಹೊನ್ನಯ್ಯನ ಮುಖ ನೋಡಿದರೆ ಮನೆಗೆ ಬೆಂಕಿ ಇಡು ಅಂದಹಾಗಿತ್ತು.

“ಎಳೇ ಮಕ್ಳಿಗೆ ಅಸೀನಾಲು ಗಟ್ಟಿ ಕೊಟ್ರೆ ಅರಗ್ತದಾ? ಇಬ್ರು ಮಕ್ಳ ಸಾಕಿವ್ನಿ ನಾನು. ಅವರ್ಗೂ ಇಂಗೇ ಕುಡಿಸಿದ್ದು. ನಿಮ್ಮವ್ವ ನಿಮಗೂ ಇಂಗೇ ಕುಡ್ಸವ್ರೆ.”

ತಾನು ಬೆಳೆದದ್ದೇ ನೀರು ಹಾಕಿದ ಹಾಲಿನಿಂದ ಎಂಬ ಸುದ್ದಿ ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾದವನ ಸ್ಥಿತಿ ಯಾರಿಗೂ ಬರಬಾರದು. ಆದರೆ ಮಕ್ಕಳ ಹೊಟ್ಟೆಯ ವಿಷಯದಲ್ಲಿ ಮಂಗಳಮ್ಮನ ಮಾತೇ ಕೊನೆ. ಹೊನ್ನಯ್ಯ ಎದ್ದು ಬೀದಿ ಬಾಗಿಲು ಹಾಕಿದ. ಹಿತ್ತಲ ಬಾಗಿಲು ಹಾಕಿದ. ಕಿಟಕಿಗೆ ಲುಂಗಿ ಕಟ್ಟಿದ. ಗೋಡೆಯ ಮೇಲಿದ್ದ ಅಪ್ಪನ ಫೋಟೋವನ್ನು ಆ ಕಡೆ ತಿರುಗಿಸಿದ. ಆಮೇಲೆ, ಮೂವತ್ತೊಂದು ವರ್ಷ ಇಡೀ ಊರಿನ ಬೆವರಿಳಿಸಿದ ಕೈಯಿಂದಲೇ ಹಾಲಿಗೆ ನೀರು ಹುಯ್ದ. ಅದರಲ್ಲೂ ಪ್ರಾಮಾಣಿಕ, ಒಂದಕ್ಕೆ ಒಂದು ಅಂದರೆ ಒಂದೇ, ಒಂದು ಹನಿ ಆಚೆ ಈಚೆ ಇಲ್ಲ.

ದಿನಕ್ಕೆ ಆರು ಸಲ ಹೀಗೆ ಬಾಗಿಲು ಮುಚ್ಚಿ ತೆಗೆಯುವುದು ನಡೆಯಿತು. ಇವರ ಮನೆಯಲ್ಲಿ ನಿಧಿ ಸಿಕ್ಕಿದೆ ಎಂದು ಬೀದಿಯಲ್ಲಿ ಮಾತಾಯಿತು.

ಒಳಗೆ ಬೇರೆಯೇ ಬಾಣಂತನ. ಮಂಗಳಮ್ಮ ತನ್ನ ಮಕ್ಕಳಿಗೆ ಹಾಲು ಕುಡಿಸಿದ್ದ ಒಳಲೆಯನ್ನು, ಮೂತಿಯಿರುವ ಆ ಪುಟ್ಟ ಹಿತ್ತಾಳೆ ಬಟ್ಟಲನ್ನು, ಅಟ್ಟದಿಂದ ಇಳಿಸಿದಳು. ಕಾಲು ಚಾಚಿ ಕೂತು, ಮರಿಗಳನ್ನು ಕೂಸಿನ ಹಾಗೆ ಅಂಗಾತ ಮಲಗಿಸಿಕೊಂಡು ಒಂದೊಂದಕ್ಕೂ ಕುಡಿಸಿದಳು. ಬಜೆ ತೇಯ್ದು ನಾಲಗೆಗೆ ಹಚ್ಚಿದಳು. ಕಣ್ಣು ತಾಗದಿರಲಿ ಎಂದು ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟಳು. ಕರೀಮರಿಗೂ ಇಟ್ಟಳು, ಎಲ್ಲಿಟ್ಟೆನೆಂದು ಆಮೇಲೆ ಅವಳಿಗೇ ಗೊತ್ತಾಗಲಿಲ್ಲ. ಸಾಂಬ್ರಾಣಿ ಹಾಕಿದಳು; ನಾಲ್ಕೂ ಸೀನಿದವು. ಸೀನು ಒಳ್ಳೆಯ ಲಕ್ಷಣ ಅಂದಳು.

ಒಳ್ಳೆಯ ಲಕ್ಷಣಗಳು ಹೀಗೆ ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದಂತೆ ಮರಿಗಳು ಸಣ್ಣಗಾಗುತ್ತ ಬಂದವು. ಹೊಟ್ಟೆ ಮಾತ್ರ ಡೊಳ್ಳಿನ ಹಾಗೆ ಉಬ್ಬಿ, ಕೈಕಾಲು ಪೊರಕೆ ಕಡ್ಡಿಯಾದವು. ಕುಡಿದರೂ ಅಳು, ಕುಡಿಯದಿದ್ದರೂ ಅಳು. ಕುಡಿಯುವಾಗ ಮೂಗಿನಿಂದ ಹಾಲು ಬರುತ್ತಿತ್ತು. ನಾಲ್ಕನೆಯ ದಿನ ಅಳುವುದೂ ಕಡಿಮೆಯಾಯಿತು.

ಐದನೆಯ ದಿನ ಬೆಳಗ್ಗೆ ಮಚ್ಚೆಮರಿ ಏಳಲಿಲ್ಲ.

ಹೊನ್ನಯ್ಯ ಅದನ್ನು ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿ ಬಂದು ಕೈ ತೊಳೆಯದೆ ಜಗಲಿಯ ಮೇಲೆ ಕೂತ. ಆಮೇಲೆ ಎದ್ದು ಮಂಕರಿಯನ್ನು ತಲೆಗೇರಿಸಿದ. ಮಿಕ್ಕಿದ್ದ ಹಾಲನ್ನು ಬಾಟಲಿಗೆ ಹುಯ್ದುಕೊಂಡ. ಕೆರಗೋಡಿಗೆ ನಡೆದೇ ಹೋದ.

ದನದ ಆಸ್ಪತ್ರೆಯಲ್ಲಿ ಆ ದಿನ ಲಸಿಕೆ ಹಾಕುತ್ತಿದ್ದರು. ಹುಣಸೆಕೊಪ್ಪಲಿನ ಅರ್ಧ ಊರು ಹಗ್ಗ ಹಿಡಿದು ನಿಂತಿತ್ತು. ಶಿವರಾಜು ಎರಡು ಸೀಮೆಹಸುವಿನೊಂದಿಗೆ, ಪಟ್ಟಲಮ್ಮ ಎಮ್ಮೆಯೊಂದಿಗೆ. ಮೂವತ್ತೊಂದು ವರ್ಷದಲ್ಲಿ ಹೊನ್ನಯ್ಯ ಡಿಗ್ರಿ ಕೂಗಿದವರೆಲ್ಲ ಸಾಲಾಗಿ ಬಂದು ನಿಂತಂತಿತ್ತು. ಅವರ ನಡುವೆ ಮಂಕರಿ ಹೊತ್ತು ಅವನು ಒಳಗೆ ಹೋದ.

ಡಾಕ್ಟರು ರಾಜೇಂದ್ರ ಚಿಕ್ಕ ವಯಸ್ಸಿನವರು. ಮರಿಯೊಂದನ್ನು ಎತ್ತಿ ಬೆನ್ನಿನ ಚರ್ಮ ಹಿಡಿದು ಬಿಟ್ಟರು. ಚರ್ಮ ಎತ್ತಿದ ಹಾಗೇ ನಿಂತಿತು.

“ಏನು ಕೊಡ್ತಿದ್ದೀರ ಯಜಮಾನರೇ?”

“ಆಲು.”

“ಬರೀ ಹಾಲೇನಾ? ನೀರು ಗೀರು ಬೆರೆಸಿಲ್ಲ ತಾನೇ?”

ಪ್ರಶ್ನೆ ಕೇಳಿದ್ದು ಮೆಲ್ಲಗೆ. ಆದರೂ ಹೊರಗಿನ ಸಾಲೆಲ್ಲ ಕಿವಿ ನಿಮಿರಿಸಿತು. ಹಸುಗಳು ಕೂಡ ಮೆಲುಕು ಹಾಕುವುದು ನಿಲ್ಲಿಸಿದವು ಎಂದು ಆಮೇಲೆ ನೋಡಿದವರು ಹೇಳಿದರು.

“ಇಲ್ಲ” ಅಂದ ಹೊನ್ನಯ್ಯ.

“ಹಾಗಾದರೆ ಹೊಟ್ಟೆಯೊಳಗೆ ಏನೋ ಕಾಯಿಲೆ. ಇಂಜೆಕ್ಷನ್ ಕೊಡೋಣ. ಇಷ್ಟು ಚಿಕ್ಕವು ತಡಕೊಳ್ತವೆ ಅಂತ ಗ್ಯಾರಂಟಿ ಕೊಡಲ್ಲ.” ಡಾಕ್ಟರು ಸೂಜಿಗೆ ಕೈ ಹಾಕಿದವರು, ಬಾಟಲಿ ಕಂಡು ಎತ್ತಿ ಬೆಳಕಿಗೆ ಹಿಡಿದರು. ಹಾಲು ಗಾಜಿಗೆ ಅಂಟದೆ ನೀರಿನ ಹಾಗೆ ಜಾರಿತು. “ಇದೇನಿದು? ಇದರಲ್ಲಿ ಅರ್ಧ ನೀರಿದೆಯಲ್ಲ! ಯಾರ ಮನೆ ಹಾಲು ಇದು?”

ಸಾಲಿನಲ್ಲಿದ್ದ ಅಷ್ಟೂ ಜನ ಶಿವರಾಜುವಿನ ಕಡೆ ತಿರುಗಿದರು.

“ನಾನಲ್ಲ ಸಾ!” ಎಂದು ಶಿವರಾಜು ಹಗ್ಗ ಬಿಟ್ಟು ಮುಂದೆ ಬಂದ. “ದೇವ್ರಾಣೆ, ಈ ಸಲ ನಾನಲ್ಲ! ಮಾವ, ಯೋಳು ಮಾವ!”

ಹೊನ್ನಯ್ಯ ಮಂಕರಿ ನೋಡಿದ. ಕರೀಮರಿ ಬಾಯಿ ತೆರೆದು ಸದ್ದಿಲ್ಲದೆ ಅಳುತ್ತಿತ್ತು. ಬಾಯಿ ಮುಚ್ಚಿಕೊಂಡರೆ ಅವನ ಮಾನ ಉಳಿಯುತ್ತದೆ. ಶಿವರಾಜುವಿನ ಹೆಸರಿಗೆ ಇನ್ನೊಂದು ಮಸಿ, ಅಷ್ಟು ಮಸಿಯಲ್ಲಿ ಇದೊಂದು ಕಾಣುವುದೂ ಇಲ್ಲ. ಆದರೆ ನೀರು ಎಷ್ಟು ದಿನದಿಂದ ಹೋಗಿದೆ ಎಂದು ತಿಳಿಯದೆ ಡಾಕ್ಟರು ಮರಿಗೆ ಸೂಜಿ ಇಳಿಸುತ್ತಾರೆ.

“ನಾನು” ಅಂದ.

“ಏನು?”

“ಆಲ್ಗೆ ನೀರಾಕ್ದೋನು ನಾನು.”

ರೈಲಿನವರಿಗೆ ಕೇಳುತ್ತಿದ್ದ ದನಿ ಈಗ ಮೇಜಿನ ಆಚೆಗೆ ಹೋಗಲಿಲ್ಲ. ಸಾಲಿನ ಕೊನೆಯಿಂದ ಪಟ್ಟಲಮ್ಮ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಅವನಿಗೆ ಮಾತು ಹಾಕಿದಳು. “ಒಸಿ ಜೋರಾಗಿ ಯೋಳಪ್ಪ ಟೆಸ್ಟರಪ್ಪ! ಇಂದಿರೋರಿಗೆ ಕೇಳುಸ್ತಾ ಇಲ್ಲ!”

ಹೊನ್ನಯ್ಯ ಎದ್ದು ನಿಂತ. ಬಾಗಿಲಿಗೆ ಬಂದ. ಶರಟಿನ ಗುಂಡಿ ಹಾಕಿಕೊಂಡ. “ಶಿವರಾಜು ಆಲು ಇಪ್ಪತ್ತೊಂಬತ್ತು ಡಿಗ್ರಿ!” ಎಂದು ಕೂಗಿದ. “ಒಂದು ತೊಟ್ಟು ನೀರಿಲ್ಲ! ನಾನ್ ಆಕಿದ್ದು! ಒಂದಕ್ಕೊಂದು! ಐದು ದಿನದಿಂದ!”

ಆ ದಿನ ಮಂಡ್ಯ ಜಿಲ್ಲೆಯಲ್ಲಿ ಎದ್ದ ನಗೆಗೆ ನಾಲೆಯ ತೂಬುಗಳು ತಾವಾಗಿ ತೆರೆದುಕೊಂಡವು ಅನ್ನುತ್ತಾರೆ; ಅಷ್ಟಲ್ಲದಿದ್ದರೂ ಲಸಿಕೆ ಅರ್ಧ ಗಂಟೆ ನಿಂತಿತು. ಯಾರೋ ಮೊಬೈಲು ಎತ್ತಿದರು. ಹೊನ್ನಯ್ಯ ಮನೆ ಸೇರುವ ಮೊದಲೇ ಅವನ ಕೂಗು ಊರಿನ ಅಷ್ಟೂ ಸ್ಟೇಟಸ್ಸಿನಲ್ಲಿ ಸೇರಿತ್ತು. ನಗದವನು ಶಿವರಾಜು ಒಬ್ಬನೇ. ಇಪ್ಪತ್ತೊಂಬತ್ತು ಎಂದು ಬೆರಳು ಮಡಿಚಿಕೊಂಡು, ಹುಚ್ಚನಂತೆ ಹಸುವಿನ ಮುಖ ನೋಡುತ್ತ ನಿಂತಿದ್ದ.

ಡಾಕ್ಟರು ಬಾಗಿಲು ಹಾಕಿ ಕೂರಿಸಿ ಹೇಳಿದರು. “ನಾಯಿ ಹಾಲು ಹಸುವಿನ ಹಾಲಿಗಿಂತ ಎಷ್ಟೋ ಗಟ್ಟಿ ಯಜಮಾನರೇ. ಹಸುವಿನದೇ ಅವಕ್ಕೆ ತೆಳು, ಅದಕ್ಕೂ ನೀವು ನೀರು ಹಾಕಿದ್ದೀರ. ಹೊಟ್ಟೆ ತುಂಬಿದೆ, ಉಪವಾಸ ಸಾಯ್ತಿವೆ. ಎಮ್ಮೆ ಹಾಲು ಸಿಗುತ್ತಾ? ಮೊಟ್ಟೆಯ ಹಳದಿ ಒಂದಿಷ್ಟು ಕದಡಿ, ಉಗುರು ಬೆಚ್ಚಗೆ ಕೊಡಿ. ಮಗು ಥರ ಅಂಗಾತ ಮಲಗಿಸಬೇಡಿ, ಶ್ವಾಸಕ್ಕೆ ಹೋಗುತ್ತೆ; ಹೊಟ್ಟೆ ಮೇಲೆ ಮಲಗಿಸಿ ಕೊಡಿ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂದುಗಡೆ ಒರೆಸಬೇಕು. ತಾಯಿ ನೆಕ್ಕಿದರೇನೇ ಅವಕ್ಕೆ ಉಚ್ಚೆ ಬರೋದು, ತಾನಾಗಿ ಬರಲ್ಲ.” ಸೂಜಿ ತೆಗೆದ ಸಿರಿಂಜು ಒಂದನ್ನು ಕೈಗಿಟ್ಟರು. “ಕೆಂಪು ಎರಡು ಉಳಿಯುತ್ತವೆ. ಕರೀದನ್ನ ಹೇಳಲಾರೆ.”

ಎಮ್ಮೆ ಹಾಲು. ಊರಿಗೊಂದೇ ಎಮ್ಮೆ.

ಸಂಜೆ ಹಾಲು ಕರೆಯುವ ಹೊತ್ತಿಗೆ ಹೊನ್ನಯ್ಯ ಪಟ್ಟಲಮ್ಮನ ಕೊಟ್ಟಿಗೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಕೊಟ್ಟಿಗೆಗೆ ಚಪ್ಪಲಿ ಬಿಡುವ ಪದ್ಧತಿ ಇಲ್ಲ, ಆದರೂ ಬಿಟ್ಟ. ಪಟ್ಟಲಮ್ಮ ತಿರುಗಿ ನೋಡದೆ ಹಾಲು ಕರೆಯುತ್ತಿದ್ದಳು.

“ಅಕ್ಕ.”

“ಯಾವನ್ಗೆ ಅಕ್ಕ?”

“ಒಂದು ಲೋಟ ಆಲು ಬೇಕಾಗಿತ್ತು.”

“ನನ್ನಾಲ್ನಲ್ಲಿ ನೀರಿರ್ತದಲ್ಲಪ್ಪ. ನಲವತ್ತು ಜನದ ಮುಂದೆ ನೀನೇ ಯೋಳಿದ್ದೆ.” ಸೊರ್ ಸೊರ್ ಎಂದು ಹಾಲು ತಂಬಿಗೆಗೆ ಬೀಳುತ್ತಿತ್ತು. “ಕೊಡ್ತೀನಿ. ಆವತ್ತು ನನ್ನ ಬುಡ್ಡಿನೇ ಕೆಟ್ಟಿತ್ತು, ನಿನ್ನಾಲು ಸಂದಾಗಿತ್ತು ಅಂತ ಯೋಳು. ಕೊಡ್ತೀನಿ.”

ಹೊನ್ನಯ್ಯ ಕಂಬ ಹಿಡಿದುಕೊಂಡ. ಬುಡ್ಡಿ ಕೆಟ್ಟಿರಲಿಲ್ಲ. ಹೆಂಡತಿ ಮಕ್ಕಳ ಮೇಲೆ ಅನುಮಾನ ಬಂದರೂ ಬುಡ್ಡಿಯ ಮೇಲೆ ಅವನಿಗೆ ಅನುಮಾನ ಬಂದದ್ದಿಲ್ಲ. ಬೆಳಗ್ಗೆ ನಿಜ ಹೇಳಿ ಮಾನ ಕಳೆದುಕೊಂಡಿದ್ದಾಯಿತು. ಸಂಜೆ ಸುಳ್ಳು ಹೇಳಿ ಮಿಕ್ಕಿದ್ದನ್ನೂ ಕಳೆದುಕೊಳ್ಳುವುದಿತ್ತು.

“ಆವತ್ತು...” ಅಂದ. ಎಮ್ಮೆಯ ಕಡೆ ನೋಡಿದ. “ಆವತ್ತು ಬುಡ್ಡಿ... ಬುಡ್ಡಿ ಒಸಿ...” ಬೆವರು ಹಣೆಯಿಂದ ಇಳಿದು ಮೀಸೆಗೆ ಬಂತು. “ಕೆಟ್ಟಿತ್ತು ಅಕ್ಕ. ನಿನ್ನಾಲು ಸಂದಾಗಿತ್ತು.”

ಪಟ್ಟಲಮ್ಮ ಕರೆಯುವುದು ನಿಲ್ಲಿಸಿ ತಿರುಗಿದಳು. ಅವನ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ಬಾಯಲ್ಲಿದ್ದ ಎಲೆಅಡಿಕೆ ಚಿಮ್ಮುವ ಹಾಗೆ ನಕ್ಕಳು. ಎಮ್ಮೆ ಬೆದರಿತು.

“ಥೂ ನಿನ್ನ! ಸುಳ್ಳು ಯೋಳಾಕೂ ಬರಾಕಿಲ್ವಲ್ಲೋ ನಿಂಗೆ! ನಾನೇ ಕಣೋ ನೀರಾಕಿದ್ದು ಆವತ್ತು. ಒಂದು ಚೊಂಬು. ಮೊಮ್ಮಗೀಗೆ ಜ್ವರ, ಅದಕ್ಕೆ ಅಂತ ಒಂದಿಷ್ಟು ಆಲು ಎತ್ತಿಟ್ಟೆ, ಕ್ಯಾನು ತುಂಬ್ನಿಲ್ಲ, ಸುರುದ್ಬುಟ್ಟೆ.”

“ಎಮ್ಮೆ ಮೇಲೆ ಆಣೆ ಇಟ್ಯಲ್ಲ ಅಕ್ಕ!”

“ಇಟ್ಟೆ. ಅದು ಸತ್ತದಾ? ಇಲ್ಲೇ ನಿಂತದೆ ನೋಡು ಗುಂಡುಕಲ್ಲಂಗೆ.” ತಂಬಿಗೆಯಿಂದ ಅವನ ಚೊಂಬಿಗೆ ನೊರೆ ಸಮೇತ ಹುಯ್ದಳು. “ಅಲ್ಲಪ್ಪ, ನಾಯಿ ಕಂಡ್ರೆ ಉರಿದ್ ಬೀಳೋನು ನೀನು. ಇವು ಸತ್ರೆ ನಿಂಗೇನು?”

ಹೊನ್ನಯ್ಯ ಚೊಂಬಿನೊಳಗೆ ನೋಡುತ್ತ, “ಕೆಂಪಿ ತಾನಾಗಿ ರಸ್ತೆಗೆ ಓಡ್ನಿಲ್ಲ ಅಕ್ಕ” ಅಂದ. “ನಾನು ಕೊಡೆ ಬಿಚ್ಚಿ ಬೆದರುಸ್ದೆ.”

ಪಟ್ಟಲಮ್ಮ ನಗಲಿಲ್ಲ. ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಳು. “ಓಗು, ನೊರೆ ಇಳಿಯೋಕ್ಮುಂಚೆ ಕುಡ್ಸು” ಅಂದಳು. “ಒತ್ತಾರೆ ಮತ್ತೆ ಬಾ.”

ಮಾರನೆಯ ದಿನದಿಂದ ಹುಣಸೆಕೊಪ್ಪಲು ಒಂದು ಅದ್ಭುತವನ್ನು ಪುಕ್ಕಟೆ ನೋಡಿತು. ಇನ್ನು ಬಾಗಿಲು ಮುಚ್ಚುವ ಕಾರಣವಿರಲಿಲ್ಲವಾದ್ದರಿಂದ ಹೊನ್ನಯ್ಯ ಜಗಲಿಯ ಮೇಲೇ ಕೂತ. ಒಂದು ಕಡೆ ಬೆಚ್ಚಗಿನ ಎಮ್ಮೆ ಹಾಲು, ಇನ್ನೊಂದು ಕಡೆ ಮೊಟ್ಟೆ, ಮಡಿಲಲ್ಲಿ ಮರಿ. ಮೊಟ್ಟೆ ಆ ಮನೆಯ ಹೊಸ್ತಿಲು ದಾಟುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ. ಈಗ ದಿನಾ ಬಂತು. ಎರಡು ಗಂಟೆಗೊಮ್ಮೆ ಸಿರಿಂಜು. ಆಮೇಲೆ ಒದ್ದೆ ಹತ್ತಿ ಹಿಡಿದು, ಒಂದು ಕಾಲದಲ್ಲಿ ಪಂಚಾಯ್ತಿ ಮೆಂಬರನ್ನೇ ಹೆಸರು ಹಿಡಿದು ಕೂಗಿದ ಮನುಷ್ಯ, ಮರಿಗಳ ಹಿಂದುಗಡೆಯನ್ನು ಒರೆಸುತ್ತ, “ಉಯ್ಯಪ್ಪ, ಉಯ್ಯಿ, ನನ್ನ ರಾಜ, ಒಂದ್ ಕಿತ ಉಯ್ಯಿ” ಎಂದು ಬೇಡಿಕೊಳ್ಳುತ್ತಿದ್ದ. ಉಯ್ದಾಗ ಮುಖದಲ್ಲಿ ಬರುತ್ತಿದ್ದ ಸಂತೋಷ ಮಗ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಬಂದಿರಲಿಲ್ಲ.

ಅವನು ಡಿಗ್ರಿ ಕೂಗಿದವರೆಲ್ಲ ಪಾಳಿ ಹಾಕಿಕೊಂಡು ನೋಡಲು ಬಂದರು. “ಮಾವ, ಉಚ್ಚೆ ಎಷ್ಟು ಡಿಗ್ರಿ ಬಂತು?” ಎಂದು ಶಿವರಾಜು ದಿನಾ ಕೇಳುತ್ತಿದ್ದ. ಆದರೆ ಬರುವಾಗ ಎರಡು ಮೊಟ್ಟೆ ಹಿಡಿದು ಬರುತ್ತಿದ್ದ.

“ನಿನ್ನ ತಲೆ ಮೇಲೆ ಉಯ್ಸಿ ನೋಡಾವ ಬಾರ್ಲಾ” ಅನ್ನುತ್ತಿದ್ದ ಹೊನ್ನಯ್ಯ.

ಕೆಂಪು ಎರಡೂ ಮೂರೇ ದಿನಕ್ಕೆ ಚೇತರಿಸಿಕೊಂಡವು. ಕರೀದು ಕುಡಿಯಲಿಲ್ಲ. ಸಿರಿಂಜು ಬಾಯಿಗಿಟ್ಟರೆ ಹಾಲು ತುಟಿಯ ಪಕ್ಕದಿಂದ ಇಳಿಯುತ್ತಿತ್ತು. ಮಂಗಳಮ್ಮ ಅದನ್ನು ಸೆರಗಿನೊಳಗೆ ಹೊಟ್ಟೆಗೆ ಕಟ್ಟಿಕೊಂಡೇ ಮುದ್ದೆ ತೊಳಸಿದಳು, ಸಾರು ಕುದಿಸಿದಳು. ತನ್ನ ಮಾತಿನಿಂದ ಹೀಗಾಯಿತೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಹೊನ್ನಯ್ಯನೂ ಎತ್ತಲಿಲ್ಲ. ಒಳಲೆ ಮಾತ್ರ ಅಟ್ಟಕ್ಕೆ ಹೋಯಿತು. ಅವನು ಬೆರಳ ತುದಿಗೆ ಹಾಲು ಅದ್ದಿ ಮರಿಯ ನಾಲಗೆಗೆ ಸವರುವನು, ಕಾಯುವನು, ಮತ್ತೆ ಸವರುವನು. ಒಂದು ಚಮಚ ಇಳಿಯಲು ಒಂದು ಗಂಟೆ. ಎರಡು ದಿನ ಹೀಗೇ. ಮೂರನೆಯ ದಿನ ಬೆಳಗ್ಗೆ ಆ ಹಲ್ಲಿಲ್ಲದ ಬಾಯಿ ಅವನ ಬೆರಳನ್ನು ಗಟ್ಟಿಯಾಗಿ ಕಚ್ಚಿ ಎಳೆಯಿತು.

“ಅಮ್ಮಿ! ಬಾರಮ್ಮಿ ಇಲ್ಲಿ! ಚೀಪ್ತದೆ! ಚೀಪ್ತಾ ಅದೆ!” ಈ ಕೂಗು ಖಂಡಿತ ಹನಕೆರೆಗೆ ಕೇಳಿಸಿರಬೇಕು.

ಹುಟ್ಟಿದ ಹದಿನಾಲ್ಕನೆಯ ದಿನ ಮರಿಗಳು ಕಣ್ಣು ಬಿಟ್ಟವು. ಲೋಕದಲ್ಲಿ ನೋಡಬೇಕಾದ್ದು ಎಷ್ಟೋ ಇರುವಾಗ ಪಾಪ ಅವಕ್ಕೆ ಮೊದಲು ಕಂಡದ್ದು ಹೊನ್ನಯ್ಯನ ಮೀಸೆ. ಎರಡು ಕೆಂಪೂ ನೋಡಿ ಸಹಿಸಿಕೊಂಡವು. ಕರೀದು ಮತ್ತೆ ಕಣ್ಣು ಮುಚ್ಚಿ ಒಂದು ದಿನ ತಡೆದು ತೆಗೆಯಿತು. ಮೂರನೆಯ ವಾರಕ್ಕೆ ಕುಡಿದವರ ಹಾಗೆ ತೂರಾಡಿ ನಡೆದವು, ಮಂಕರಿ ಉರುಳಿಸಿದವು, ಹೊನ್ನಯ್ಯನ ಎಡಗಾಲ ಚಪ್ಪಲಿಯನ್ನು ಪಾಲು ಮಾಡಿಕೊಂಡವು. ಆದರೂ ಕರೀದರ ಬಗ್ಗೆ ಅವನಿಗೆ ಧೈರ್ಯವಿಲ್ಲ. ಕೆಂಪಿನ ಅರ್ಧ ಗಾತ್ರ. ಅವು ನೂಕಿದರೆ ಬಿದ್ದಲ್ಲೇ ಬಿದ್ದಿರುವುದು. ಕುಡಿಯಲು ಇನ್ನೂ ಸಿರಿಂಜೇ ಬೇಕು. ಡಾಕ್ಟರು ತಾನಾಗಿ ತಿನ್ನುವ ತನಕ ಏನೂ ಹೇಳುವಂತಿಲ್ಲ ಅಂದಿದ್ದರು.

ನಾಲ್ಕನೆಯ ವಾರ ಒಂದು ಬೆಳಗ್ಗೆ ಪಟ್ಟಲಮ್ಮ ತಾನೇ ಹಾಲು ತಂದಳು. ಮಂಗಳಮ್ಮ ಬಿಸಿ ಮುದ್ದೆಯ ಒಂದು ತುಣುಕನ್ನು ಹಾಲಿನಲ್ಲಿ ಗಂಜಿಯಾಗುವ ತನಕ ಕಿವುಚಿ ಅಗಲವಾದ ತಟ್ಟೆಗೆ ಹಾಕಿ ನೆಲಕ್ಕಿಟ್ಟಳು. ಕೆಂಪು ಎರಡೂ ಓಡಿಬಂದು ಮೂತಿ ಅದ್ದಿದವು. ಕರೀದು ಬಂತು. ಒಂದು ಕೆಂಪು ನೂಕಿತು, ಬಿತ್ತು. ಎದ್ದಿತು. ಇನ್ನೊಂದು ನೂಕಿತು, ಬಿತ್ತು. ಎದ್ದು, ದಾರಿ ಕೇಳುವ ಗೋಜಿಗೆ ಹೋಗದೆ, ಇಬ್ಬರ ಬೆನ್ನ ಮೇಲಿಂದ ಹತ್ತಿ ತಟ್ಟೆಯ ನಟ್ಟನಡುವೆ ಇಳಿದು, ನಾಲ್ಕೂ ಕಾಲು ಗಂಜಿಯಲ್ಲಿ ಊರಿ ತಿನ್ನತೊಡಗಿತು.

“ಅಯ್ಯಯ್ಯೋ, ಮುಳುಗೋಯ್ತದೆ!” ಎಂದು ಹೊನ್ನಯ್ಯ ಬಗ್ಗಿ ಅದನ್ನು ಎತ್ತಲು ಕೈ ಹಾಕಿದ.

ಕರೀಮರಿ ತಲೆ ಎತ್ತಲಿಲ್ಲ. ಮೂತಿ ಗಂಜಿಯಲ್ಲೇ ಇಟ್ಟುಕೊಂಡು, ಅಷ್ಟು ದಿನ ತನಗೆ ಹಾಲು ಸವರಿದ ಆ ಬೆರಳಿಗೆ, ಗುರ್‌ ಅಂದಿತು.

ಹೊನ್ನಯ್ಯ ಬೆಂಕಿ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡ. ಅವಮಾನವಾಯಿತೋ ಕಣ್ಣಲ್ಲಿ ನೀರು ಬಂತೋ, ಅವನೇ ಸರಿಯಾಗಿ ಹೇಳಲಾರ.

“ಅದ್ರ ತಂಟೆಗೆ ಓಗ್ಬ್ಯಾಡ ಕಣಪ್ಪ” ಅಂದಳು ಪಟ್ಟಲಮ್ಮ, ಎಲೆಗೆ ಸುಣ್ಣ ಸವರುತ್ತ. “ತಟ್ಟೆ ಮುಟ್ಟುದ್ರೆ ಗುರ್ ಅಂತದೆ ಅಂದ್ರೆ ಅದು ಉಳ್ಕತು ಬುಡು.”